ಪರಿಮಳವೋ, ಹೊಗೆಯೋ

ಬೆಂಗಳೂರಿನಲ್ಲಿರುವ ತಂಗಿಯ ಮಗಳ ಮನೆಗೆ ಹೋಗಿದ್ದೆ. ಬಾಗಿಲು ತೆಗೆಯುತ್ತಲೇ ಕಣ್ಣು ಉರಿಯಿತು. ಒಂಬತ್ತನೆಯ ಮಹಡಿಯ ಮನೆ. ಸೊಳ್ಳೆ ನುಗ್ಗುತ್ತದೆಂದು ಸಂಜೆ ಐದಕ್ಕೇ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಹಾಲಿನ ನಡುವೆ ಹಿತ್ತಾಳೆಯ ಧೂಪದಾನಿ, ಅದರಲ್ಲಿ ಕೆಂಡ, ಕೆಂಡದ ಮೇಲೆ ಚಿಟಪಟ ಸಿಡಿಯುತ್ತ ಕಪ್ಪಗೆ ಹೊಗೆ ಉಗುಳುತ್ತಿದ್ದ ಯಾವುದೋ ರಾಳ. “ಏನಮ್ಮಾ ಇದು, ಮನೆಯೋ ಇಟ್ಟಿಗೆ ಗೂಡೋ?” ಅಂದೆ. “ಮಾವ, ಪುಟ್ಟನಿಗೆ ಊದುಬತ್ತಿ ಹೊಗೆ ಆಗಲ್ಲ, ಕೆಮ್ತಾನೆ. ಅದಕ್ಕೇ ಊದುಬತ್ತಿ ಬಿಟ್ಟು ಇದನ್ನ ತರಿಸ್ತಿದ್ದೀವಿ. ಇದರಲ್ಲಿ ಕೆಮಿಕಲ್ ಏನೂ ಇಲ್ಲ, ಮರದ್ದು, ಪೂರ್ತಿ ನ್ಯಾಚುರಲ್” ಅಂದಳು. ಒಳಕೋಣೆಯಲ್ಲಿ ಹುಡುಗ ಕೆಮ್ಮುತ್ತಲೇ ಇದ್ದ.

ನಾನು ಧೂಪದ ವಿರೋಧಿಯಲ್ಲ. ನಮ್ಮ ಮನೆಯಲ್ಲಿ ಊದುಬತ್ತಿ ನಿಂತು ಹತ್ತು ಹನ್ನೆರಡು ವರ್ಷವೇ ಆಗಿರಬೇಕು. ಅದರ ಜಾಗದಲ್ಲಿ ಮರದ ರಾಳವನ್ನೇ ಹಾಕುತ್ತೇವೆ. ಆದ್ದರಿಂದ ನನ್ನ ತಕರಾರು ಧೂಪದ ಮೇಲಲ್ಲ, ಅವಳು ಕೊಟ್ಟ ಕಾರಣದ ಮೇಲೆ. ಮರದಿಂದ ಬಂದದ್ದು, ಆದ್ದರಿಂದ ಉಸಿರಿಗೆ ಒಳ್ಳೆಯದು ಎಂಬ ಈ ‘ಆದ್ದರಿಂದ’ ಎಲ್ಲಿಂದ ಬಂತು? ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಬೆಳೆಯುವ ಹೊಗೆಸೊಪ್ಪೂ ಗಿಡದ್ದೇ. ಅದನ್ನು ಸುಟ್ಟು ಉಸಿರಾಡಿದರೆ ಏನಾಗುತ್ತದೆಂದು ಬೀಡಿಯ ಪೊಟ್ಟಣದ ಮೇಲೆ ಸರ್ಕಾರವೇ ಚಿತ್ರ ಹಾಕಿಸಿದೆ. ಧೂಪ ಹಾಕಲು ಒಳ್ಳೆಯ ಕಾರಣಗಳಿವೆ, ‘ನೈಸರ್ಗಿಕ’ ಎಂಬುದು ಅವುಗಳಲ್ಲಿ ಒಂದಲ್ಲ. ಈ ಕೆಟ್ಟ ಕಾರಣವನ್ನು ನಂಬಿ ಧೂಪ ಹಾಕುವವರು ಹಾಕುವ ಕ್ರಮದಲ್ಲೂ ಎಡವುತ್ತಾರೆ.

ರಾಳವೆಂದರೆ ಮರ ತನ್ನ ಗಾಯಕ್ಕೆ ತಾನೇ ಹಾಕಿಕೊಳ್ಳುವ ಪಟ್ಟಿ. ಹುಳ ಕೊರೆದಾಗ, ಕೊಂಬೆ ಮುರಿದಾಗ, ಕೊಡಲಿಯ ಏಟು ಬಿದ್ದಾಗ ತೊಗಟೆಯೊಳಗಿನ ಸಣ್ಣ ನಾಳಗಳಿಂದ ಅಂಟುದ್ರವವೊಂದು ಒಸರುತ್ತದೆ. ಅದರ ಒಂದು ಭಾಗ ಬೇಗನೆ ಆರಿ ಗಾಳಿಗೆ ಸೇರುವ ಎಣ್ಣೆ. ನಮ್ಮ ಮೂಗಿಗೆ ಹಿತವಾಗುವುದು ಅದೇ. ಇನ್ನೊಂದು ಭಾಗ ಗಟ್ಟಿಯಾಗಿ ಗಾಯದ ಬಾಯಿ ಮುಚ್ಚುತ್ತದೆ. ಮರ ಇದನ್ನು ನಮ್ಮ ದೇವರಕೋಣೆಗಾಗಿ ತಯಾರಿಸಿದ್ದಲ್ಲ, ಕೀಟವನ್ನೂ ಬೂಷ್ಟನ್ನೂ ಓಡಿಸಲು ತಯಾರಿಸಿದ್ದು. ನಾವು ಪರಿಮಳ ಎನ್ನುವುದು ಹುಳದ ಪಾಲಿಗೆ ವಿಷ. ಒಂದು ಸಣ್ಣ ಪರೀಕ್ಷೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ಜಾಲಿಯ ಗೋಂದನ್ನು ನೀರಿಗೆ ಹಾಕಿದರೆ ಕರಗುತ್ತದೆ, ರಾಳ ಕರಗುವುದಿಲ್ಲ. ಗೋಂದನ್ನು ಕೆಂಡಕ್ಕೆ ಹಾಕಿದರೆ ಸೀದ ಸಕ್ಕರೆಯ ವಾಸನೆ ಬರುತ್ತದೆ. ಗುಗ್ಗುಳ, ಕುಂದುರುಗಳಲ್ಲಿ ಗೋಂದೂ ರಾಳವೂ ಬೆರೆತಿರುತ್ತವೆ. ಆದ್ದರಿಂದಲೇ ಅವು ಕೆಂಡದ ಮೇಲೆ ಪೂರ್ತಿ ಕರಗದೆ ಕೊನೆಗೆ ಕರಕಲಾಗಿ ಉಳಿಯುತ್ತವೆ.

ಹೆಸರುಗಳ ಗೊಂದಲ ಇದಕ್ಕಿಂತ ದೊಡ್ಡದು. ಮೈಸೂರಿನ ಯಾವುದೇ ಗ್ರಂಧಿಗೆ ಅಂಗಡಿಗೆ ಹೋಗಿ ‘ಧೂಪ ಕೊಡಿ’ ಎಂದರೆ ಅಂಗಡಿಯವರು ‘ಯಾವುದು ಸ್ವಾಮಿ?’ ಎಂದು ಕೇಳುವುದು ಸರಿಯಾಗಿಯೇ ಇದೆ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಾತ್ರ ಹುಟ್ಟುವ ಸಾಲುಧೂಪದ ಮರದ ಬಿಳಿ ರಾಳ ಒಂದು. ಕರಾವಳಿಯ ಹಳೆಯ ರಸ್ತೆಗಳ ಬದಿಯಲ್ಲಿ ಸಾಲುಮರಗಳಾಗಿ ನಿಂತಿದ್ದವು ಇವೇ. ರಸ್ತೆ ಅಗಲವಾದಂತೆಲ್ಲ ಉರುಳಿದವೂ ಇವೇ. ಅದೇ ಘಟ್ಟದ ಇನ್ನೊಂದು ಮರದ್ದು ಕರಿ ರಾಳಧೂಪ. ಉತ್ತರ ಕನ್ನಡ, ಶಿವಮೊಗ್ಗದ ಕಾಡುಗಳ ಹೆಮ್ಮರದ ತೊಗಟೆ ಕಡಿದರೆ ಮೊದಲು ಹಾಲಿನಂತೆ ಬಂದು ಆಮೇಲೆ ಕಂದಾಗುವ ಮಡ್ಡಿ ಮೂರನೆಯದು. ಅದಕ್ಕೇ ಅದು ಹಾಲುಮಡ್ಡಿ. ಗುಗ್ಗುಳ ಬರುವುದು ಹೆಚ್ಚಾಗಿ ರಾಜಸ್ಥಾನ, ಕಛ್‌ಗಳ ಒಣನೆಲದ ಮುಳ್ಳುಗಿಡದಿಂದ. ಲೋಬಾನ ಬರುವುದು ಸಮುದ್ರ ದಾಟಿ, ಸುಮಾತ್ರಾದಿಂದ.

ಲೋಬಾನದ ಹೆಸರಿನ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅರಬ್ಬಿಯಲ್ಲಿ ಲುಬಾನ್ ಎಂದರೆ ಕುಂದುರು, ಒಮಾನ್ ಮತ್ತು ಸೊಮಾಲಿಯಾದ ಮರದ ರಾಳ. ಅರಬ್ ವರ್ತಕರು ಆಗ್ನೇಯ ದ್ವೀಪಗಳಲ್ಲಿ ಬೇರೊಂದು ಸುಗಂಧದ ರಾಳ ಕಂಡು ಅದಕ್ಕೆ ‘ಲುಬಾನ್ ಜಾವಿ’, ಅಂದರೆ ಜಾವಾದ ಲುಬಾನ್ ಎಂದು ಹೆಸರಿಟ್ಟರು. ನಮ್ಮಲ್ಲಿಗೆ ಅದು ಲೋಬಾನವಾಗಿ ಬಂತು. ಯುರೋಪಿಗೆ ಹೋಗಿ ಮೊದಲ ಅಕ್ಷರ ಕಳೆದುಕೊಂಡು ಬೆಂಝೋಯಿನ್ ಆಯಿತು. ಅದರಿಂದ ತೆಗೆದ ಆಮ್ಲ ಬೆಂಝೋಯಿಕ್ ಆಮ್ಲವಾಯಿತು. 1833ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಮಿಚರ್‌ಲಿಕ್ ಆ ಆಮ್ಲವನ್ನು ಸುಣ್ಣದ ಜೊತೆ ಕಾಯಿಸಿ ಒಂದು ದ್ರವ ಪಡೆದ. ಅದರ ಹೆಸರು ಬಳಕೆಯಲ್ಲಿ ಸವೆದು ಬೆಂಝೀನ್ ಎಂದು ನಿಂತಿತು. ಕ್ಯಾನ್ಸರ್ ತರುವ ವಸ್ತುಗಳ ಮೊದಲ ದರ್ಜೆಯ ಪಟ್ಟಿಯಲ್ಲಿರುವ ಅದೇ ಬೆಂಝೀನ್. ‘ಕೆಮಿಕಲ್’ ಎಂದು ನಾವು ಹೆದರುವ ಹೆಸರು ದರ್ಗಾದ ಲೋಬಾನದ ಮೊಮ್ಮಗ! ಇದು ಬರೀ ಹೆಸರಿನ ನಂಟೂ ಅಲ್ಲ. ಮರದ್ದಾಗಲಿ, ಕಾರ್ಖಾನೆಯದಾಗಲಿ, ಇಂಗಾಲವಿರುವ ಯಾವ ವಸ್ತುವನ್ನೇ ಅರೆಬರೆ ಸುಟ್ಟರೂ ಹೊಗೆಯಲ್ಲಿ ಒಂದಿಷ್ಟು ಬೆಂಝೀನ್ ಹುಟ್ಟುತ್ತದೆ. ಬೆಂಕಿಗೆ ವಸ್ತುವಿನ ಕುಲಗೋತ್ರ ಗೊತ್ತಿಲ್ಲ.

ಇದನ್ನು ಒಪ್ಪದವರಿಗೆ ಒಂದು ಉದಾಹರಣೆ ಸಾಕು. ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಏಳುವ ಬಿಳಿ ಹೊಗೆ ನೋಡಿದ್ದೀರಲ್ಲ? ಅದರಲ್ಲಿ ಹೆಚ್ಚಿನದು ಸೀಸದ್ದಲ್ಲ, ರೋಸಿನ್‌ನದು. ರೋಸಿನ್ ಎಂದರೆ ಪೈನ್ ಮರದ ರಾಳದಿಂದ ಟರ್ಪೆಂಟೈನ್ ತೆಗೆದ ಮೇಲೆ ಉಳಿಯುವ ಗಟ್ಟಿ ಭಾಗ, ಅಪ್ಪಟ ಮರದ ಮಾಲು. ದಿನವಿಡೀ ಆ ಹೊಗೆ ಕುಡಿಯುವ ಎಲೆಕ್ಟ್ರಾನಿಕ್ಸ್ ಕಾರ್ಮಿಕರಿಗೆ ಉಬ್ಬಸ ಬರುತ್ತದೆಂಬುದು ವೃತ್ತಿರೋಗಗಳ ವೈದ್ಯರಿಗೆ ಹಳೆಯ ಸಂಗತಿ. ಇದೇ ರೋಸಿನ್ ಅಗ್ಗವಾಗಿ ಸಿಗುವುದರಿಂದ ಸಾಂಬ್ರಾಣಿಯ ಹೆಸರಿನಲ್ಲಿ, ರಾಳದ ಹೆಸರಿನಲ್ಲಿ ಬೆರಕೆಯಾಗಿ ಮನೆಗೂ ಬರುತ್ತದೆ. ಜೇನುಬಣ್ಣದ, ಗಾಜಿನಂತೆ ಹೊಳೆಯುವ, ಎಲ್ಲ ತುಂಡೂ ಒಂದೇ ಥರ ಇರುವ ‘ಸಾಂಬ್ರಾಣಿ’ ಕಂಡರೆ ಸ್ವಲ್ಪ ಅನುಮಾನಿಸಿ. ಮರದ ಗಾಯದಿಂದ ಕೆರೆದು ತಂದ ಮಾಲಿನಲ್ಲಿ ತೊಗಟೆಯ ಚೂರು, ಮಣ್ಣು, ಬಣ್ಣದ ವ್ಯತ್ಯಾಸ ಇದ್ದೇ ಇರುತ್ತವೆ.

ಊದುಬತ್ತಿಯ ಹೊಗೆ ಅಳೆದವರು ಕಂಡದ್ದೇನೆಂದರೆ, ಒಂದು ಗ್ರಾಂ ಊದುಬತ್ತಿ ಉರಿದರೆ ಸುಮಾರು 45 ಮಿಲಿಗ್ರಾಂ ಸೂಕ್ಷ್ಮ ಕಣಗಳು ಹೊಮ್ಮುತ್ತವೆ. ಒಂದು ಗ್ರಾಂ ಸಿಗರೇಟಿಗೆ ಈ ಲೆಕ್ಕ ಸುಮಾರು 10. ಹಾಗೆಂದು ಊದುಬತ್ತಿ ಸಿಗರೇಟಿಗಿಂತ ಕೆಟ್ಟದ್ದು ಎಂದು ಕೂಗಬೇಕಿಲ್ಲ. ಸಿಗರೇಟಿನ ಹೊಗೆಯನ್ನು ನೇರ ಶ್ವಾಸಕೋಶಕ್ಕೆ ಎಳೆಯುತ್ತಾರೆ, ಊದುಬತ್ತಿಯದು ಕೋಣೆಯಲ್ಲಿ ಹರಡಿ ತೆಳುವಾಗುತ್ತದೆ. ಆದರೆ ಕೋಣೆ ಎಷ್ಟು ದೊಡ್ಡದು, ಕಿಟಕಿ ತೆರೆದಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದಾಯಿತು. ಸಿಂಗಪುರದ ಸುಮಾರು 61 ಸಾವಿರ ಚೀನೀಯರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಬಹುಕಾಲ ಮನೆಯಲ್ಲಿ ಧೂಪಕಡ್ಡಿ ಉರಿಸಿದವರಲ್ಲಿ ಮೂಗು, ಬಾಯಿ, ಗಂಟಲಿನ ಕೆಲವು ಬಗೆಯ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಶ್ವಾಸಕೋಶದ ಕ್ಯಾನ್ಸರ್ ಅಂಥ ಏರಿಕೆ ತೋರಲಿಲ್ಲ. ಎರಡನ್ನೂ ಹೇಳುವುದು ನ್ಯಾಯ. ಹೆದರಿಸುವವರು ಮೊದಲರ್ಧ ಹೇಳುತ್ತಾರೆ, ಮಾರುವವರು ಎರಡೂ ಹೇಳುವುದಿಲ್ಲ.

ಮಾರುವವರು ಹೇಳುವುದು ಬೇರೆ ಎರಡು. ಒಂದು, ಹೊಗೆಯಿಂದ ಗಾಳಿ ಶುದ್ಧವಾಗುತ್ತದೆ ಎಂದು ವಿಜ್ಞಾನವೇ ಹೇಳಿದೆ ಎಂಬ ಮಾತು. ಇದರ ಮೂಲ ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಪ್ರಯೋಗ. ಮುಚ್ಚಿದ ಕೋಣೆಯಲ್ಲಿ ಮಾವಿನ ಕಟ್ಟಿಗೆ, ಹವನದ ಮೂಲಿಕೆಗಳನ್ನು ಒಂದು ಗಂಟೆ ಉರಿಸಿದಾಗ ಗಾಳಿಯಲ್ಲಿನ ಬ್ಯಾಕ್ಟೀರಿಯಾ ಪ್ರತಿಶತ 94ರಷ್ಟು ಇಳಿದವು ಎಂಬುದು ಅದರ ಸಾರ. ಇರಬಹುದು. ಆದರೆ ಬ್ಯಾಕ್ಟೀರಿಯಾ ಉಳಿಯದಷ್ಟು ಹೊಗೆ ತುಂಬಿದ ಕೋಣೆಯಲ್ಲಿ ನನ್ನ ತಂಗಿಯ ಮೊಮ್ಮಗನನ್ನು ಕೂರಿಸಬಹುದೇ ಎಂಬುದು ಆ ಪ್ರಯೋಗ ಕೇಳಿದ ಪ್ರಶ್ನೆಯೇ ಅಲ್ಲ. ಇನ್ನೊಂದು, ಕುಂದುರು ಮನಸ್ಸಿನ ಖಿನ್ನತೆ ಕಳೆಯುತ್ತದೆ ಎಂಬ ಮಾತು. 2008ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಆ ರಾಳದಿಂದ ಬೇರ್ಪಡಿಸಿದ ಇನ್ಸೆನ್ಸೋಲ್ ಅಸಿಟೇಟ್ ಎಂಬ ವಸ್ತುವನ್ನು ಇಲಿಗಳಿಗೆ ಚುಚ್ಚಿ ನೋಡಿದಾಗ ಅವುಗಳ ಆತಂಕ ಇಳಿದದ್ದು ನಿಜ. ಸೂಜಿಮದ್ದಿಗೂ ಸಂಜೆಯ ಧೂಪಕ್ಕೂ ನಡುವೆ ಇರುವ ದೂರ ಮಾತ್ರ ಜಾಹೀರಾತಿನಲ್ಲಿ ಕಾಣುವುದಿಲ್ಲ.

ಗುಗ್ಗುಳದ ಚರಿತ್ರೆ ಇಂಥ ಆತುರಕ್ಕೆ ಒಳ್ಳೆಯ ಮದ್ದು. 1966ರಲ್ಲಿ ಡಾ. ಜಿ.ವಿ. ಸತ್ಯವತಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಶೋಧನೆಯಲ್ಲಿ ಗುಗ್ಗುಳಕ್ಕೂ ರಕ್ತದ ಕೊಬ್ಬಿಗೂ ಇರುವ ಸಂಬಂಧವನ್ನು ಮೊಲಗಳಲ್ಲಿ ತೋರಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರೂ ಆದರು. ಅದರ ಬೆನ್ನಿಗೆ ದೇಶದಲ್ಲಿ ಔಷಧವೂ ಬಂತು. 2003ರಲ್ಲಿ ಅಮೆರಿಕದ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದೇ ಸಾರ ಕೆಟ್ಟ ಕೊಲೆಸ್ಟರಾಲನ್ನು ಇಳಿಸುವ ಬದಲು ಸ್ವಲ್ಪ ಏರಿಸಿತು. ವಾದ ಇನ್ನೂ ಇದ್ದೀತು. ಒಳಗೆ ತೆಗೆದುಕೊಂಡು, ಪ್ರಮಾಣ ಅಳೆದು, ರಕ್ತ ಪರೀಕ್ಷಿಸಿ ನೋಡಿದ ಔಷಧದ ಗತಿಯೇ ಇಷ್ಟು ಡೋಲಾಯಮಾನವಾದರೆ, ಸುಟ್ಟು ಮೂಸುವುದರಿಂದ ಆರೋಗ್ಯ ಬರುತ್ತದೆ ಎನ್ನುವವರ ಧೈರ್ಯ ಮೆಚ್ಚಬೇಕು.

ಹಾಗಿದ್ದರೆ ಹಿರಿಯರು ಹಾಕುತ್ತಿರಲಿಲ್ಲವೇ? ಹಾಕುತ್ತಿದ್ದರು. ಎಲ್ಲಿ ಹಾಕುತ್ತಿದ್ದರು ಎಂಬುದನ್ನು ನೋಡಬೇಕು. ತೊಟ್ಟಿಮನೆಯ ನಡುವೆ ಆಕಾಶವಿತ್ತು. ನಾಡಹೆಂಚಿನ ಸೂರಿನಲ್ಲಿ ಪ್ರತಿ ಹೆಂಚಿನ ಸಂದಿಯೂ ಒಂದು ಕಿಂಡಿ; ಅಡುಗೆಮನೆಯ ಹೊಗೆ ಮುಂಜಾನೆ ಮಾಡಿನ ಮೇಲೆ ಮಂಜಿನಂತೆ ಹರಡಿ ನಿಲ್ಲುತ್ತಿದ್ದದ್ದು ಅದರಿಂದ. ಉತ್ತರ ಕರ್ನಾಟಕದಲ್ಲಿ ವೀರಭದ್ರನಿಗೆ ಗುಗ್ಗಳ ಹೊರಡಿಸುತ್ತಾರೆ. ಕೊಡಗಳಲ್ಲಿ ಬೆಂಕಿ, ಅದಕ್ಕೆ ಗುಗ್ಗಳ, ಮುಂದೆ ಪುರವಂತರ ಒಡಪು. ಅದು ಬೀದಿಯಲ್ಲಿ ಸಾಗುವ ಮೆರವಣಿಗೆ. ಸಂಜೆ ಪೇಟೆಯಲ್ಲಿ ಫಕೀರ ಲೋಬಾನದ ಪಾತ್ರೆ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗುತ್ತಾನೆ. ಗಲ್ಲಾಪೆಟ್ಟಿಗೆಗೆ ಒಂದು ಸಲ, ಬಾಗಿಲಿಗೆ ಒಂದು ಸಲ ನವಿಲುಗರಿಯಿಂದ ಬೀಸಿ ಮುಂದಿನ ಅಂಗಡಿಗೆ. ಇವು ಬಯಲಿನ ಧೂಪಗಳು, ಒಂದು ಕಡೆ ನಿಲ್ಲದೆ ಹಾದುಹೋಗುವ ಧೂಪಗಳು. ನಾವು ಆ ಕೆಂಡವನ್ನು ಹಾಗೇ ಎತ್ತಿ, ಎಸಿ ಹಾಕಿ ಗಾಜು ಸರಿಸಿದ ಹತ್ತಡಿ ಹನ್ನೆರಡಡಿ ಕೋಣೆಯೊಳಗೆ ಇಟ್ಟುಕೊಂಡಿದ್ದೇವೆ. ಸಂಪ್ರದಾಯ ಮುಂದುವರಿಯಿತು, ಮನೆ ಬದಲಾಯಿತು. ದಿನದ 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಅತಿಸೂಕ್ಷ್ಮ ಕಣಗಳು 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಮ್ಮ ದೇಶದ ಮಿತಿ 60. ಮುಚ್ಚಿದ ಕೋಣೆಯಲ್ಲಿ ಒಂದು ಧೂಪದಾನಿ ಈ ಎರಡನ್ನೂ ಬಹುಬೇಗ ದಾಟಿಸಬಲ್ಲದು.

ಒಂದು ಪದ್ಧತಿಯ ಬಗ್ಗೆ ಮಾತ್ರ ನನಗೆ ನಯವಾಗಿ ಹೇಳಲು ಬಾರದು. ಬಾಣಂತಿಯ ಒದ್ದೆ ಕೂದಲನ್ನು ಮಗುಚಿದ ಬುಟ್ಟಿಯ ಮೇಲೆ ಹರಡಿ ಒಳಗಿನಿಂದ ಸಾಂಬ್ರಾಣಿ ಹೊಗೆ ಹಾಯಿಸುವುದು ನೋಡಲು ಎಷ್ಟು ಚಂದ! ಕೂದಲಿಗೆ ಹಿಡಿದ ಆ ವಾಸನೆ ದಿನವಿಡೀ ಉಳಿಯುತ್ತದೆ. ಆದರೆ ಅದೇ ಕೈಯಿಂದ ಎಳೆಗೂಸನ್ನು ಎತ್ತಿ ಹೊಗೆಯ ಮೇಲೆ ಆಡಿಸುವುದನ್ನು ನಿಲ್ಲಿಸಬೇಕು. ಕೂಸಿನ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ, ಉಸಿರಾಟ ನಮಗಿಂತ ಬಿರುಸು, ‘ಸಾಕು’ ಎನ್ನಲು ಬಾಯಿಲ್ಲ. ಅಜ್ಜಿಯರ ಮನಸ್ಸು ನೋಯುತ್ತದೆಂದು ಸುಮ್ಮನಿರುವ ವಿಷಯ ಇದಲ್ಲ.

ಇಷ್ಟು ಹೇಳಿದ ಮೇಲೆ ಧೂಪದ ಪರವಾಗಿ ಉಳಿದದ್ದೇನು? ಬಹಳವೇ ಉಳಿದಿದೆ. ಷೋಡಶೋಪಚಾರದಲ್ಲಿ ಧೂಪ ಅರ್ಪಿಸುವಾಗ ಪುರೋಹಿತರು ಬಳಸುವ ಕ್ರಿಯಾಪದವನ್ನು ಗಮನಿಸಿ: ದೀಪಕ್ಕೆ ‘ದರ್ಶಯಾಮಿ’, ತೋರಿಸುತ್ತೇನೆ, ಧೂಪಕ್ಕೆ ‘ಆಘ್ರಾಪಯಾಮಿ’, ಮೂಸಿಸುತ್ತೇನೆ. ದೇವರ ಮೂಗಿಗೆ ಸಲ್ಲಬೇಕಾದದ್ದು ಪರಿಮಳ. ಹೊಗೆ ಆ ಪರಿಮಳವನ್ನು ಹೊತ್ತು ತರುವ ಗಾಡಿ, ಅಷ್ಟೆ. ಗಾಡಿಯೇ ದೊಡ್ಡದಾಗಿ ಸರಕು ಕಾಣದಂತಾದರೆ ಅದೇನು ಉಪಚಾರ? ನಮ್ಮ ನೆಲದ ರಾಜನೊಬ್ಬ ಇದನ್ನು ಇನ್ನೂ ಚೆನ್ನಾಗಿ ಬಲ್ಲವನಾಗಿದ್ದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಧೂಪ ಬರುವುದು ಅರಸನ ಭೋಗಗಳ ಸಾಲಿನಲ್ಲಿ, ಸ್ನಾನ, ತಾಂಬೂಲ, ಹಾಸಿಗೆಗಳ ಜೊತೆಗೆ. ಔಷಧವೆಂದೂ ಅಲ್ಲ, ಪುಣ್ಯವೆಂದೂ ಅಲ್ಲ, ಸುಖವೆಂದು. ಧೂಪ ಹಿತವಾಗಿದೆ, ಆದ್ದರಿಂದ ಹಾಕುತ್ತೇನೆ ಎಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆ ಏನಿದೆ? ಸುಖಕ್ಕೆ ಮಿತಿ ಹಾಕಬಹುದು. ಔಷಧವೆಂದುಕೊಂಡವನು ‘ಇನ್ನಷ್ಟು’ ಎನ್ನುತ್ತಾನೆ.

ಊದುಬತ್ತಿಗಿಂತ ರಾಳ ಮೇಲು ಎನ್ನಲು ನನಗಿರುವ ಕಾರಣ ಈ ಮಿತಿಯೇ. ಊದುಬತ್ತಿ ಎಂದರೆ ಬಿದಿರಿನ ಕಡ್ಡಿ, ಇದ್ದಿಲ ಪುಡಿ, ಅಂಟಿಗೆ ಜಿಗಟಿನ ಪುಡಿ, ಮೇಲೆ ಅದ್ದಿದ ಸೆಂಟು, ಸೆಂಟನ್ನು ತೆಳುವಾಗಿಸಿದ ದ್ರಾವಣ. ಒಮ್ಮೆ ಹಚ್ಚಿದರೆ ಇವೆಲ್ಲವೂ ಕೊನೆಯವರೆಗೆ ಉರಿಯಬೇಕು; ಪರಿಮಳ ಸಾಕು ಅನ್ನಿಸಿದರೂ ಬಿದಿರು ಉರಿಯುತ್ತಲೇ ಇರುತ್ತದೆ. ರಾಳದಲ್ಲಿ ಹಾಕುವುದು ಒಂದೇ ವಸ್ತು. ಎಷ್ಟು ಹಾಕಬೇಕು, ಎಷ್ಟು ಬಿಸಿ ಕೊಡಬೇಕು, ಯಾವಾಗ ತೆಗೆಯಬೇಕು ಎಂಬುದು ನಮ್ಮ ಕೈಯಲ್ಲಿದೆ. ಆದರೆ ಆ ಕೈಗೆ ಸ್ವಲ್ಪ ತಿಳಿವಳಿಕೆ ಬೇಕು.

ಉರಿಯುವ ಕೆಂಡದ ಮೇಲ್ಮೈ ಐದಾರು ನೂರು ಡಿಗ್ರಿ ದಾಟಿರುತ್ತದೆ. ರಾಳದ ಪರಿಮಳದ ಎಣ್ಣೆಗಳು ಮೇಲೇಳಲು ಅದರ ಮೂರನೇ ಒಂದು ಪಾಲಿನ ಬಿಸಿ ಸಾಕು. ನೇರ ಕೆಂಡಕ್ಕೆ ಹಾಕಿದಾಗ ಮೊದಲ ಅರ್ಧ ನಿಮಿಷ ಪರಿಮಳ ಬಂದು, ಉಳಿದ ಹತ್ತು ನಿಮಿಷ ಬರುವುದು ರಾಳ ಸುಡುವ ಕಮಟು. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಹಿಷಾಸುರ ಬರುವಾಗ ದೊಂದಿಗೆ ಎರಚುವ ರಾಳದ ಪುಡಿ ಭಗ್ಗೆಂದು ಆಳೆತ್ತರ ಉರಿಯುತ್ತದಲ್ಲ, ನಿಮ್ಮ ಧೂಪದಾನಿಯಲ್ಲಿರುವುದೂ ಅದರ ನೆಂಟನೇ. ಆದ್ದರಿಂದ ಪುಡಿ ಮಾಡಿ ಬೆಂಕಿಗೆ ಎಸೆಯಬೇಡಿ, ಸಣ್ಣ ಹರಳಾಗಿಯೇ ಇರಲಿ. ಕೆಂಡ ಪೂರ್ತಿ ಬೂದಿ ಹೊದ್ದ ಮೇಲೆ ಅದರ ಮೇಲೆ ಇನ್ನೂ ಅರ್ಧ ಅಂಗುಲ ಬೂದಿ ಹಾಕಿ, ಬೂದಿಯ ಮೇಲೆ ತೆಳು ಹಿತ್ತಾಳೆ ಬಿಲ್ಲೆ ಇಟ್ಟು, ಹರಳನ್ನು ಅದರ ಮೇಲೆ ಇಡಿ. ಹರಳು ಕರಗುತ್ತದೆ, ನೊರೆಯುತ್ತದೆ, ಹೊಗೆ ಕಂಡೂ ಕಾಣದಷ್ಟು, ಪರಿಮಳ ಮಾತ್ರ ಕೋಣೆ ತುಂಬ. ಬಣ್ಣ ಕಪ್ಪಾಗುವ ಮೊದಲು ಇಕ್ಕಳದಿಂದ ಬಿಲ್ಲೆಯನ್ನು ಎತ್ತಿಡಿ. ಬಿಸಿ ಏರಿಸಿ ಇಳಿಸಲು ಬರುವ ವಿದ್ಯುತ್ ಧೂಪದಾನಿ ಇದ್ದರೆ ಇನ್ನೂ ಸುಲಭ, ಇದ್ದಿಲಿನ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಿನ ಭಯವೂ ಇಲ್ಲ. ಬೆಂಕಿಕಡ್ಡಿ ಸೋಕಿದೊಡನೆ ಚುರುಚುರು ಹತ್ತಿಕೊಳ್ಳುವ ಇದ್ದಿಲ ಬಿಲ್ಲೆಗಳಿಗೆ ಪೆಟ್ಲುಪ್ಪು ಬೆರೆಸಿರುತ್ತಾರೆ. ಅದರ ವಾಸನೆ ಪೂರ್ತಿ ಹೋಗುವವರೆಗೆ ಬಾಲ್ಕನಿಯಲ್ಲೇ ಇಡಿ. ಕಿಟಕಿಯ ವಿಚಾರ ಮತ್ತೆ ಹೇಳಬೇಕೇ? ತೆರೆದಿರಲಿ. ಉಬ್ಬಸ ಇರುವವರ ಮನೆಯಲ್ಲಿ ಇಷ್ಟೂ ಬೇಡ. ಒಂದು ಹಿಡಿ ಮಲ್ಲಿಗೆ ಸಾಕು, ದೇವರು ಬೇಸರಿಸಿಕೊಳ್ಳುವುದಿಲ್ಲ.

ಇನ್ನು ಕಾಡಿನ ಮಾತು. ನಿಜವಾದ ತೊಡಕು ಇರುವುದು ಇಲ್ಲಿಯೇ. ಎಲ್ಲರೂ ಊದುಬತ್ತಿ ಬಿಟ್ಟು ‘ನೈಸರ್ಗಿಕ’ಕ್ಕೆ ತಿರುಗಿದರೆ ಆ ನಿಸರ್ಗ ಎಲ್ಲಿಂದ ಬರಬೇಕು? ಮೈಸೂರಿನ ಮಸಾಲೆ ಬತ್ತಿಗೆ ಆ ಹದ, ಆ ಮೆದುತನ, ಸ್ವಲ್ಪ ತೇವ ಹಿಡಿದಂತಹ ಸಿಹಿ ವಾಸನೆ ಕೊಟ್ಟದ್ದು ಹಾಲುಮಡ್ಡಿ. ಬೇಡಿಕೆ ಏರಿದಾಗ ಮರಗಳಿಗೆ ಆಳದ ಕಚ್ಚು ಹಾಕಿ ಹಿಂಡಿದರು. ಮರಗಳು ಸೊರಗಿದವು, ಮಡ್ಡಿ ತುಟ್ಟಿಯಾಯಿತು, ಇದ್ದಿಲ ಕಡ್ಡಿಯನ್ನು ಸೆಂಟಿನಲ್ಲಿ ಅದ್ದುವ ಬತ್ತಿ ಮಾರುಕಟ್ಟೆ ಹಿಡಿಯಿತು. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹೆಸರಿಗೆ ಕಾವಲು ಬಂತು. ಮರಕ್ಕೆ ಬರಲಿಲ್ಲ. ಗುಗ್ಗುಳದ ಸ್ಥಿತಿ ಇನ್ನೂ ಕಷ್ಟ: ಹೆಚ್ಚು ರಾಳ ಸುರಿಯಲೆಂದು ಗಾಯಕ್ಕೆ ರಾಸಾಯನಿಕ ಲೇಪ ಹಚ್ಚುತ್ತಾರೆ, ಗಿಡ ಒಮ್ಮೆ ಧಾರಾಳವಾಗಿ ಸುರಿಸಿ ಸಾಯುತ್ತದೆ. ಅಳಿವಿನ ಅಂಚಿಗೆ ತೀರಾ ಹತ್ತಿರದ ಜೀವಿಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಅದನ್ನು ಸೇರಿಸಿದೆ. ಇಥಿಯೋಪಿಯಾದ ಕುಂದುರು ಮರಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನ, ಈಗಿನಂತೆಯೇ ನಡೆದರೆ 20 ವರ್ಷಗಳಲ್ಲಿ ಅಲ್ಲಿನ ಉತ್ಪತ್ತಿ ಅರ್ಧಕ್ಕೆ ಇಳಿಯುತ್ತದೆ ಎಂದಿದೆ. ಹಳೆಯ ಮರಗಳು ನಿಂತಿವೆ; ಬೆಂಕಿಗೆ, ದನಕ್ಕೆ ಸಿಕ್ಕಿ ಸಸಿಗಳು ಮೇಲೇಳುತ್ತಿಲ್ಲ.

ನ್ಯಾಯವಾಗಿ ನೋಡಿದರೆ, ಕೃತಕ ಸೆಂಟಿನ ಊದುಬತ್ತಿ ಎಷ್ಟೋ ಮರಗಳ ಮೇಲಿನ ಭಾರ ಇಳಿಸಿದೆ. ಇದನ್ನು ಒಪ್ಪಿಕೊಳ್ಳಲು ನನ್ನಂಥ ರಾಳಪ್ರಿಯನಿಗೆ ಕಷ್ಟವೇ. ನಾವು ನಿತ್ಯ ಬೆಳಗುವ ಕರ್ಪೂರವೂ ಈಗ ಬಹುಪಾಲು ಕರ್ಪೂರದ ಮರದ್ದಲ್ಲ, ಪೈನ್ ರಾಳದ ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ಆದದ್ದು. ಅದನ್ನು ನೈಸರ್ಗಿಕ ಎನ್ನುವಿರೋ ಕೃತಕ ಎನ್ನುವಿರೋ ನಿಮಗೇ ಬಿಟ್ಟದ್ದು. ಕಾಡಿನ ರಾಳವನ್ನು ದಿನಸಿಯಂತೆ ಬಳಸಲು ಆಗದು. ಅದು ಕೇಸರಿಯಂತೆ, ಪಚ್ಚಕರ್ಪೂರದಂತೆ ಎಣಿಸಿ ಬಳಸಬೇಕಾದ ಪದಾರ್ಥ. ಹಾಗೆ ಬಳಸಿದರೆ ಶ್ವಾಸಕೋಶದ ಲೆಕ್ಕವೂ ಕಾಡಿನ ಲೆಕ್ಕವೂ ಒಂದೇ ಕಡೆ ಬಂದು ನಿಲ್ಲುತ್ತವೆ.

ಯಾರಿಂದ ಕೊಳ್ಳುತ್ತೇವೆ ಎಂಬುದೂ ಮುಖ್ಯ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಮೇಲೆ ಕಾಡಿನವರಿಗೆ ಒಡೆತನ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದ ಒಳಗೇ, ಆ ಸಮುದಾಯ ಹಕ್ಕು ಸಿಕ್ಕಿತು. ತನ್ನದೆಂದು ಗೊತ್ತಿರುವ ಮರಕ್ಕೆ ಯಾರೂ ಆಳದ ಕಚ್ಚು ಹಾಕುವುದಿಲ್ಲ. ಮುಂದಿನ ವರ್ಷವೂ ಅದೇ ಮರದ ಬುಡಕ್ಕೆ ಬರಬೇಕಲ್ಲ. ಗುತ್ತಿಗೆದಾರನ ಆಳಿಗೆ ಮುಂದಿನ ವರ್ಷದ ಖಾತರಿಯಿಲ್ಲ, ಕೊಡಲಿಗೆ ತಡೆಯೂ ಇಲ್ಲ. ಗಿರಿಜನರ ಸಹಕಾರ ಸಂಘಗಳು ಮಾರುವ ರಾಳಧೂಪ ಸಿಕ್ಕಿದರೆ ಹತ್ತು ರೂಪಾಯಿ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ‘ಇದು ಯಾವ ಮರದ್ದು, ಎಲ್ಲಿಂದ ಬಂತು?’ ಎಂದು ಕೇಳಿ. ಉತ್ತರ ಸಿಗದಿರಬಹುದು. ಹತ್ತು ಜನ ಕೇಳಿದರೆ ಅಂಗಡಿಯವರೂ ತಮಗೆ ಮಾಲು ಕೊಡುವವರನ್ನು ಕೇಳಿಯಾರು.

ತಂಗಿಯ ಮಗಳಿಗೆ ಆ ಸಂಜೆ ಇಷ್ಟೆಲ್ಲ ಹೇಳಲಿಲ್ಲ. ಧೂಪದಾನಿಯನ್ನು ಬಾಲ್ಕನಿಗೆ ಒಯ್ದಿಟ್ಟು ಕಿಟಕಿಗಳನ್ನು ತೆರೆದೆ. ಸೊಳ್ಳೆ ಬಂದವು, ನಿಜ. ಮರುದಿನ ಸೊಳ್ಳೆಪರದೆಯ ಚೌಕಟ್ಟು ಹಾಕುವವನನ್ನು ಕರೆಸಿದೆವು. ಅವಳಿಗೆ ನನ್ನ ಮೇಲೆ ಸ್ವಲ್ಪ ಮುನಿಸು ಇನ್ನೂ ಇದೆ.

ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಂಜೆ, ಒಂದು ಕಡಲೆಬೇಳೆಯಷ್ಟು ರಾಳಧೂಪ. ನಾಲ್ಕು ವರ್ಷದ ಹಿಂದೆ ತಂದ ನೂರು ಗ್ರಾಂ ಡಬ್ಬಿಯ ತಳ ಈಗ ತಾನೆ ಕಾಣತೊಡಗಿದೆ.